ಮಸುಕು ಮಾಡಿ ನೋಡಿದ ನಕ್ಷತ್ರ

ಊರಿನ ಅಂಚಿನ ಗುಡ್ಡದ ಮೇಲಿರುವ ವೀಕ್ಷಣಾಲಯದಲ್ಲಿ ಅವಳನ್ನು ಎಲ್ಲರೂ ಮಸುಕಮ್ಮ ಎಂದೇ ಕರೆಯುವುದು. ಕರೆದರೆ ಓಗೊಡುತ್ತಾಳೆ, ಮುಖ ಸಿಂಡರಿಸುವುದಿಲ್ಲ. ಆ ಹೆಸರು ಏಕೆ ಬಂತು ಎಂದು ಅವಳ ಅತ್ತೆಗೆ ಬಹಳ ವರ್ಷ ತಿಳಿದಿರಲಿಲ್ಲ. ಸೊಸೆಗೆ ದಪ್ಪ ಗಾಜಿನ ಕನ್ನಡಕ ಇದೆಯಲ್ಲ, ಅದಕ್ಕೇ ಯಾರೋ ಕುಚೋದ್ಯ ಮಾಡಿರಬೇಕು ಎಂದುಕೊಂಡಿದ್ದರು.

"ನಿನ್ನ ಕಣ್ಣಿನ ಮೇಲೆ ಆಡ್ಕೊಳ್ಳೋರ ಮುಂದೆ ಹಲ್ಲು ಕಿರೀತೀಯಲ್ಲ, ನಿನಗೇನು ರೋಷ ಇಲ್ವಾ?" ಎಂದು ಒಂದೆರಡು ಸಲ ಗದರಿದ್ದರು ಕೂಡ. ಸೊಸೆ ನಕ್ಕು ಸುಮ್ಮನಾಗಿದ್ದಳು. ಆಗಲೇ ಬಿಡಿಸಿ ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಅತ್ತೆ ಹೊಲಿಗೆಯವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿಕೊಂಡು ಬಟ್ಟೆ ಕತ್ತರಿಸುವ ಮೇಜು, ಅದರ ಪಕ್ಕ ಕಾಲಲ್ಲಿ ತುಳಿಯುವ ಹಳೆಯ ಮಿಷಿನ್ನು, ಗೋಡೆಯ ಮೊಳೆಗೆ ತೂಗುಹಾಕಿದ ಕಾಗದದ ಅಚ್ಚುಗಳು. ಬಟ್ಟೆ ತಂದವರು "ಇದು ಅಪ್ಪಟ ಹತ್ತಿ" ಎಂದರೆ ಅತ್ತೆ ಬಾಯಲ್ಲಿ ಹೂಂ ಎಂದು, ಕೈಯಲ್ಲಿ ಆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಯಾವ ಎಳೆ ಬೆಳಕು ಬಿಡುತ್ತದೆ, ಯಾವುದು ನುಂಗುತ್ತದೆ ಎಂದು ನೋಡಿದರೆ ನೈಲಾನು ಎಷ್ಟು ಬೆರೆತಿದೆ ಎಂಬುದು ಅವರಿಗೆ ತಿಳಿಯುತ್ತಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಬಾಗಿಲಲ್ಲಿ ನಿಂತು ಇದನ್ನು ನೋಡಿದಳು.

"ಅತ್ತೆ, ನಾನು ಮಾಡೋದೂ ಇದೇ ಕೆಲಸ."

"ಏನು, ಹೊಲಿಗೆನಾ? ಆಕಾಶ ನೋಡೋ ಕೆಲಸ ಅಂತ ನಿನ್ನ ಗಂಡ ಹೇಳಿದ್ದ."

"ಹೊಲಿಗೆ ಅಲ್ಲ. ಈ ಬೆಳಕಿಗೆ ಹಿಡಿಯೋದು."

ಅಂದು ಅವಳು ಮೇಜಿನ ಮೇಲೆ ಒಂದು ಗುಂಡಿ ಇಟ್ಟು, ಟಾರ್ಚು ಹಿಡಿದು ಹೇಳಿದಳು. ದೂರದ ನಕ್ಷತ್ರಗಳಿಗೂ ನಮ್ಮ ಸೂರ್ಯನಿಗಿರುವ ಹಾಗೆ ಗ್ರಹಗಳಿವೆ. ಅವು ಕಣ್ಣಿಗೆ ಕಾಣುವುದಿಲ್ಲ, ದೊಡ್ಡ ದೂರದರ್ಶಕಕ್ಕೂ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಗ್ರಹ ತನ್ನ ನಕ್ಷತ್ರದ ಮುಂದೆ ಹಾದು ಹೋಗುವಾಗ ನಕ್ಷತ್ರದ ಬೆಳಕು ಒಂದು ಚೂರು ತಗ್ಗುತ್ತದೆ. ನೂರಕ್ಕೆ ಒಂದು ಪಾಲು, ಎಷ್ಟೋ ಸಲ ಅಷ್ಟೂ ಇಲ್ಲ. ಆ ತಗ್ಗನ್ನು ಹಿಡಿಯಬೇಕು. ಗ್ರಹಕ್ಕೆ ಗಾಳಿಯ ಹೊದಿಕೆ ಇದ್ದರೆ, ಅಂಚಿನ ಸುತ್ತ ತೆಳ್ಳಗಿರುವ ಆ ಗಾಳಿಯ ಮೂಲಕವೂ ಸ್ವಲ್ಪ ಬೆಳಕು ತೂರಿ ಬರುತ್ತದೆ. ಯಾವ ಬಣ್ಣವನ್ನು ಗಾಳಿ ನುಂಗಿದೆ ಎಂದು ನೋಡಿದರೆ ಅದರಲ್ಲಿ ಏನೇನಿದೆ ಎಂದು ತಿಳಿಯುತ್ತದೆ.

"ನೈಲಾನು ಎಷ್ಟು, ಹತ್ತಿ ಎಷ್ಟು" ಎಂದರು ಅತ್ತೆ.

"ಅದೇ ಅತ್ತೆ."

"ಮೋಡ ಅಡ್ಡ ಬಂದ್ರೂ ಬೆಳಕು ತಗ್ಗುತ್ತಲ್ಲ? ಗ್ರಹವೋ ಮೋಡವೋ ಹೆಂಗೆ ಗೊತ್ತಾಗುತ್ತೆ?"

ಸೊಸೆಯ ಕಣ್ಣು ಅರಳಿತು. "ಪಕ್ಕದ ನಕ್ಷತ್ರಗಳನ್ನ ಕೇಳ್ತೀವಿ. ಮೋಡ ಬಂದ್ರೆ ಅವೂ ಮಂಕಾಗ್ತವೆ. ಇದೊಂದೇ ಮಂಕಾದ್ರೆ ಗ್ರಹ."

"ಅಂದ್ರೆ ಮನೆಯವರ ಮಾತು ಕೇಳಿ ಬರ್ಕೊಳ್ಳಲ್ಲ, ನೆರೆಯವರನ್ನೂ ವಿಚಾರಿಸ್ತೀರಿ. ಪರವಾಗಿಲ್ಲ, ಬುದ್ಧಿವಂತರೇ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಆ ಮನೆಯಲ್ಲಿ ನಡೆಯಲಿಲ್ಲ. ಇಬ್ಬರ ಕಾಲವೂ ಒಂದೇ ಮೇಜಿನ ಎರಡು ಬದಿಯಲ್ಲಿ ನಡೆಯಿತು. ಮಗ ಆಸ್ಪತ್ರೆಯಲ್ಲಿ ನರ್ಸ್. ಪಾಳಿಯ ಕೆಲಸವಾದ್ದರಿಂದ ಅವನು ಮನೆಯಲ್ಲಿರುವಾಗ ನಿದ್ದೆ, ಎದ್ದಾಗ ಡ್ಯೂಟಿ. ಹಾಗಾಗಿ ಸೊಸೆಯ ಮಾತಿಗೆ ಕಿವಿ ಅತ್ತೆಯದೇ.

ಅವಳದು ಕಂಡುಹಿಡಿಯುವ ಕೆಲಸವಲ್ಲ. ಗ್ರಹಗಳನ್ನು ಬೇರೆಯವರು ಎಂದೋ ಕಂಡುಹಿಡಿದಾಗಿದೆ. ಅವು ಯಾವಾಗ ಯಾವಾಗ ನಕ್ಷತ್ರದ ಮುಂದೆ ಹಾಯುತ್ತವೆ ಎಂಬ ಪಟ್ಟಿಯೂ ಇದೆ. ಆದರೆ ಗಡಿಯಾರ ಸ್ವಲ್ಪ ಸ್ವಲ್ಪವೇ ತಪ್ಪುವ ಹಾಗೆ ಆ ಪಟ್ಟಿಯೂ ವರ್ಷ ಕಳೆದಂತೆ ತಪ್ಪುತ್ತದೆ. ಜೊತೆಯ ಗ್ರಹ ಯಾವುದಾದರೂ ಎಳೆಯುತ್ತಿದ್ದರೆ ಇನ್ನೂ ಬೇಗ ತಪ್ಪುತ್ತದೆ. ಅಂತರಿಕ್ಷದಲ್ಲಿರುವ ದೊಡ್ಡ ದೂರದರ್ಶಕ ಗಾಳಿಯನ್ನು ಪರೀಕ್ಷಿಸಲು ಅತ್ತ ತಿರುಗಬೇಕಾದರೆ ಸರಿಯಾದ ಸಮಯ ಬೇಕು. ತಪ್ಪಿದರೆ ಬರೀ ನಕ್ಷತ್ರ ನೋಡಿ ಹಿಂದಿರುಗಿದ ಹಾಗೆ. ಆ ಸಮಯವನ್ನು ಸರಿಯಾಗಿ ಇಡುವುದು ಅವಳಂಥವರ ಕೆಲಸ, ಸಣ್ಣ ದೂರದರ್ಶಕಗಳ ಮುಂದೆ ಕೂತವರದು.

ಅವುಗಳಲ್ಲಿ ಒಂದು ಗ್ರಹದ ಮೇಲೆ ಅವಳಿಗೆ ಜೀವ. ಅತ್ತೆ ಅದಕ್ಕೆ ನೆಂಟ ಎಂದು ಹೆಸರಿಟ್ಟಿದ್ದರು. ಕೆಲವು ತಿಂಗಳಿಗೊಮ್ಮೆ ಅದು ನಕ್ಷತ್ರದ ಮುಂದೆ ಹಾಯುತ್ತದೆ. ಆದರೆ ಒಂದು ಸಲ ಇಲ್ಲಿ ಹಗಲು, ಇನ್ನೊಂದು ಸಲ ನಕ್ಷತ್ರವೇ ಕೆಳಗೆ ಮುಳುಗಿರುತ್ತದೆ. ಈ ಗುಡ್ಡದಿಂದ ಕಾಣುವ ಹಾಗೆ ಬರುವುದು ವರ್ಷಗಳಿಗೊಮ್ಮೆ. ಮೊದಲ ಸಲ ಬಂದಾಗ ಸೊಸೆ ಹೆರಿಗೆ ಕೋಣೆಯಲ್ಲಿದ್ದಳು. ಎರಡನೆಯ ಸಲ ಮೋಡ ಕವಿಯಿತು, ಸಂಜೆಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತದ್ದೇ ಬಂತು.

"ನಿನ್ನ ನೆಂಟ ಬರೋ ಹೊತ್ತಿಗೆ ನೀನು ಮನೇಲಿರಲ್ಲ, ಇಲ್ಲಾಂದ್ರೆ ಬಾಗಿಲು ಹಾಕಿರುತ್ತೆ" ಎಂದು ಅತ್ತೆ ಛೇಡಿಸುತ್ತಿದ್ದರು.

ಮೂರನೆಯ ಸಲ ಬರುವ ಹೊತ್ತಿಗೆ ಮಾತು ತಮಾಷೆಯಾಗಿ ಉಳಿದಿರಲಿಲ್ಲ. ಅಂತರಿಕ್ಷದ ದೂರದರ್ಶಕ ಮುಂದಿನ ಸುತ್ತಿನಲ್ಲಿ ನೆಂಟನ ಗಾಳಿಯನ್ನು ನೋಡುವುದೆಂದು ತೀರ್ಮಾನವಾಗಿತ್ತು. ಕೊಟ್ಟ ಹೊತ್ತು ಒಂದೇ. ಆ ಹೊತ್ತನ್ನು ಎಲ್ಲಿಡಬೇಕು ಎಂದು ಹೇಳಲು ಈ ಸಲದ ಹಾಯುವಿಕೆಯೇ ಆಧಾರ. ನೋಡಲು ಹೊರಟಿದ್ದ ಬೇರೆ ಕಡೆಗಳಲ್ಲಿ ಮಳೆ ಎಂಬ ಸುದ್ದಿ ಬಂದಿತ್ತು. ಈ ಗುಡ್ಡದ ಮೇಲೆ ಮಾತ್ರ ಆಕಾಶ ತೊಳೆದಿಟ್ಟ ಹಾಗಿತ್ತು.

ಅಂದು ಸಂಜೆ ಅತ್ತೆಯೂ ಗುಡ್ಡ ಹತ್ತಿದರು. ಮೆಟ್ಟಿಲ ಬಾಗಿಲ ಸಂದಿಯಿಂದ ಗುಮ್ಮಟದೊಳಗೆ ಬೆಳಕು ನುಗ್ಗುತ್ತದೆ ಎಂದು ಸೊಸೆ ಹೇಳಿದ್ದಳು. ಅದಕ್ಕೆ ಎರಡು ಪದರದ ದಪ್ಪ ಕಪ್ಪು ಪರದೆ ಹೊಲಿದು, ಮಡಚಿ, ಬಗಲಿಗೆ ಇಟ್ಟುಕೊಂಡು ಬಂದಿದ್ದರು. ಗುಮ್ಮಟದ ಚಕ್ರಗಳಿಗೆ ಎಣ್ಣೆ ಹಾಕುವ ಮೆಕ್ಯಾನಿಕ್ ಏಣಿ ಹಿಡಿದುಕೊಟ್ಟ. ಅವನನ್ನು ಅಲ್ಲಿ ಚಕ್ರಣ್ಣ ಎನ್ನುತ್ತಾರೆ. ನಿವೃತ್ತಿಗೆ ಹತ್ತಿರವಾದವನು. ದೂರದರ್ಶಕದ ಕಬ್ಬಿಣದ ಪ್ರತಿ ತಿರುಪೂ ಅವನಿಗೆ ಗೊತ್ತು, ಕ್ಯಾಮೆರಾ ಕಂಪ್ಯೂಟರಿನ ಗೋಜಿಗೆ ಹೋದವನಲ್ಲ.

ಸೊಸೆ ಎಲ್ಲ ಸಿದ್ಧ ಮಾಡಿ, ನಕ್ಷತ್ರವನ್ನು ಹಿಡಿದು, ಪಶ್ಚಿಮದ ಕಡೆ ಮೋಡದ ತುಣುಕೇನಾದರೂ ಇದೆಯೇ ನೋಡಿ ಬರುತ್ತೇನೆಂದು ಹೊರಗಿನ ತಾರಸಿಗೆ ಹೋದಳು. ಪಟ್ಟಿಯ ಪ್ರಕಾರ ನೆಂಟ ಬರಲು ಇನ್ನೂ ಸಾಕಷ್ಟು ಹೊತ್ತಿತ್ತು.

ಅತ್ತೆ ಪರದೆ ಕಟ್ಟಿ ಇಳಿದವರು ಕಂಪ್ಯೂಟರಿನ ಮುಂದೆ ನಿಂತರು. ತೆರೆಯ ಮೇಲೆ ನಕ್ಷತ್ರ ಚುಕ್ಕಿಯ ಹಾಗಿರಲಿಲ್ಲ. ಮಬ್ಬಾಗಿ ಹರಡಿ, ನಡುವೆ ತೂತಾಗಿ, ಮಾಸಿದ ಬಳೆಯ ಹಾಗಿತ್ತು.

"ಏನಪ್ಪಾ ಚಕ್ರಣ್ಣ, ನಿಮ್ಮ ನಕ್ಷತ್ರಕ್ಕೆ ಕಣ್ಣಿನ ಪೊರೆ ಬಂದಿದೆಯಾ?"

ಚಕ್ರಣ್ಣ ಬಗ್ಗಿ ನೋಡಿದ. ಮುಖ ಇಳಿಯಿತು. "ಅಯ್ಯೋ, ಚಿತ್ರ ಚೂಪು ಮಾಡೋ ತಿರುಪನ್ನ ಬೆಳಿಗ್ಗೆ ತಾನೇ ನಾನು ಬಿಚ್ಚಿ ಬಿಗಿ ಮಾಡಿದ್ದೆ ಅಕ್ಕಾ."

"ಏನು ಬಿಗಿ ಮಾಡಿದ್ದೋ! ನನ್ನ ಸೂಜಿ ಕಣ್ಣು ಈ ವಯಸ್ಸಲ್ಲೂ ಇದಕ್ಕಿಂತ ಚೆನ್ನಾಗಿ ಕಾಣುತ್ತೆ ನಂಗೆ. ಪಾಪದ ಹುಡುಗಿ, ಮೂರನೇ ಸಲ ಕಾದು ಕೂತಿದ್ದಾಳೆ. ನಿಮ್ಮ ಯಂತ್ರ ನೋಡಿದ್ರೆ ಹೀಗೆ."

ನಲವತ್ತು ವರ್ಷ ಎಣ್ಣೆ ಹಾಕಿದ ಕೈಗೆ ಆ ಮಾತು ಚುಚ್ಚಿತು. ತನ್ನ ತಿರುಪು ಜಾರಿದೆ, ಅವಳು ಬರುವುದರೊಳಗೆ ಸರಿ ಮಾಡಿದರೆ ಮಾನ ಉಳಿಯುತ್ತದೆ ಎಂದುಕೊಂಡು ಒಳಗೆ ಹೋಗಿ ತಿರುಪು ತಿರುಗಿಸಿದ. ಅತ್ತೆ ಇತ್ತ ನಿಂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಹಾಂ, ಸಾಕು" ಎಂದು ಹೇಳುತ್ತಿದ್ದರು. ಬಳೆ ಕುಗ್ಗುತ್ತಾ ಕುಗ್ಗುತ್ತಾ ಮುತ್ತಿನಂಥ ಚುಕ್ಕಿಯಾಯಿತು. ಇಬ್ಬರಿಗೂ ಎಷ್ಟು ಸಂತೋಷವಾಯಿತೆಂದರೆ, ಅವಳು ಬಂದು ನೋಡಲಿ ಎಂದು ಪಕ್ಕಕ್ಕೆ ಸರಿದು ನಿಂತರು.

ಸೊಸೆ ಬಂದು ಕೂತಳು. ಅವಳು ಚಿತ್ರ ನೋಡಲಿಲ್ಲ, ಪಕ್ಕದ ಅಂಕಿಗಳನ್ನು ನೋಡಿದಳು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಯಾರಾದ್ರೂ ತಿರುಪು ಮುಟ್ಟಿದ್ರಾ?"

ದನಿಯಲ್ಲಿ ಸಿಟ್ಟಿರಲಿಲ್ಲ.

"ಜಾರಿತ್ತು ಮಗಳೇ, ನಾನೇ ಸರಿ ಮಾಡಿದೆ" ಎಂದ ಚಕ್ರಣ್ಣ.

"ಅವನ ಕೈಯದಲ್ಲ, ನನ್ನ ನಾಲಿಗೆಯದು" ಎಂದರು ಅತ್ತೆ. "ಏನಾಯ್ತಮ್ಮ?"

"ಜಾರಿರಲಿಲ್ಲ. ನಾನೇ ಮಸುಕು ಮಾಡಿದ್ದೆ. ಇರಲಿ. ಮೊದಲು ಹಿಂದಕ್ಕೆ ತಿರುಗಿಸೋಣ. ನಿಧಾನವಾಗಿ, ಚಕ್ರಣ್ಣ, ಗಾಬರಿ ಬೇಡ."

ಒಂದು ಸಲ ಹೆಚ್ಚಾಯಿತು, ಒಂದು ಸಲ ಕಡಿಮೆಯಾಯಿತು. ಬಳೆ ಮೊದಲಿನ ಅಳತೆಗೆ ಬಂದು, ಅಂಕಿಗಳು ನೆಲೆಗೊಂಡು, ತೆರೆಯ ಮೇಲೆ ಬೆಳಕಿನ ಅಳತೆ ತೋರಿಸುವ ಗೆರೆ ಮತ್ತೆ ನೆಟ್ಟಗೆ ಹರಿಯುವ ಹೊತ್ತಿಗೆ ಆಕಾಶ ಪೂರ್ತಿ ಕಪ್ಪಾಗಿತ್ತು. ಮೊದಲು ಹಿಡಿದದ್ದು ಯಾವುದೂ ಈಗಿನದಕ್ಕೆ ತಾಳೆಯಾಗುವಂತಿರಲಿಲ್ಲ.

ಆಮೇಲೆ ಅವಳು ಬಿಡಿಸಿ ಹೇಳಿದಳು. ನಲ್ಲಿಯ ನೀರನ್ನು ಒಂದೇ ಲೋಟದಲ್ಲಿ ಹಿಡಿದರೆ ತುಂಬಿ ಚೆಲ್ಲುತ್ತದೆ, ಚೆಲ್ಲಿದ್ದು ಎಷ್ಟು ಎಂದು ಹೇಳುವವರಿಲ್ಲ. ಅದೇ ನೀರನ್ನು ಸಾಲಾಗಿಟ್ಟ ಲೋಟಗಳಿಗೆ ಹಂಚಿದರೆ ಒಂದು ಹನಿಯೂ ಲೆಕ್ಕ ತಪ್ಪುವುದಿಲ್ಲ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಪುಟ್ಟ ಪುಟ್ಟ ಮನೆಗಳೂ ಲೋಟದ ಹಾಗೇ. ನಕ್ಷತ್ರ ಚೂಪಾಗಿದ್ದರೆ ಎರಡು ಮೂರು ಮನೆ ತುಂಬಿ ಚೆಲ್ಲುತ್ತವೆ. ಮಸುಕಾಗಿದ್ದರೆ ಬೆಳಕು ನೂರಾರು ಮನೆಗೆ ಹರಡಿ ಪೂರ್ತಿ ಲೆಕ್ಕ ಸಿಗುತ್ತದೆ.

"ನೋಡಕ್ಕೆ ಚೆಂದ ಬೇಕಾದ್ರೆ ಚೂಪು ಮಾಡ್ಬೇಕು ಅತ್ತೆ. ಅಳೆಯೋಕೆ ಬೇಕಾದ್ರೆ ಮಸುಕು ಮಾಡ್ಬೇಕು."

"ಅದಕ್ಕಾ ನಿನ್ನನ್ನ ಮಸುಕಮ್ಮ ಅನ್ನೋದು?"

"ಹೂಂ."

ಅತ್ತೆ ಹಣೆ ಹಣೆ ಬಡಿದುಕೊಂಡರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ತಾವೇ ಆದೆವಲ್ಲ ಎಂದು ಅವರಿಗೆ ಅನ್ನಿಸಿತು. ಚಕ್ರಣ್ಣ ಮೂಲೆಯಲ್ಲಿ ಎಣ್ಣೆ ಡಬ್ಬಿ ಹಿಡಿದು ಗೋಡೆ ನೋಡುತ್ತಾ ನಿಂತಿದ್ದ.

ಪಟ್ಟಿಯ ಹೊತ್ತು ಬಂತು. ಗೆರೆ ಇಳಿಯಬೇಕು. ಇಳಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದರು. ಗೆರೆ ಹಾಸಿದ ದಾರದ ಹಾಗೆ ನೆಟ್ಟಗೇ ಇತ್ತು.

"ಬರಲಿಲ್ವಾ?" ಅತ್ತೆ ಪಿಸುಗುಟ್ಟಿದರು.

"ಬರದೇ ಇರಬಹುದು. ನಾವು ತಿರುಪು ತಿರುಗಿಸ್ತಾ ಇದ್ದಾಗಲೇ ಬಂದು ಒಳಗೆ ಕೂತಿರಲೂಬಹುದು. ಈ ಬೆಳಕು ಪೂರ್ತಿ ಬೆಳಕೋ, ಆಗಲೇ ತಗ್ಗಿದ ಬೆಳಕೋ, ಹೇಳೋದು ಹೇಗೆ? ಮೊದಲಿಂದು ಕೈಯಲ್ಲಿಲ್ಲವಲ್ಲ."

ಆಗ ಅವಳು ತನ್ನ ಅಪ್ಪನ ಮಾತು ತೆಗೆದಳು. ಅವಳಪ್ಪ ಲಾರಿ ತೂಗುವ ವೇ ಬ್ರಿಡ್ಜಿನಲ್ಲಿ ಕೆಲಸಕ್ಕಿದ್ದವರು. ಅವಳು ಬೆಳೆದದ್ದು ಆ ತಗಡಿನ ಕೋಣೆಯಲ್ಲಿ, ಅಂಕಿಗಳು ಏರಿ ಇಳಿಯುವುದನ್ನು ನೋಡುತ್ತಾ. ಸೊನ್ನೆ ನೋಡಿಕೊಳ್ಳುವ ಮೊದಲೇ ಲಾರಿ ತೂಕದ ಹಲಗೆ ಹತ್ತಿಬಿಟ್ಟರೆ, ತೂಕ ತಪ್ಪುತ್ತದೆಂದು ಡ್ರೈವರುಗಳು ಕೂಗಾಡುತ್ತಿದ್ದರಂತೆ. ಅವಳಪ್ಪ ಬೀಡಿ ಆರಿಸಿ, "ಯಾಕಪ್ಪ ಕೂಗ್ತೀಯ, ಹೊರಗೆ ಹೋಗ್ಲೇಬೇಕಲ್ಲ ಅದು, ಅಂಕಿ ಎಷ್ಟು ಇಳಿಯುತ್ತೆ ಆಗ ನೋಡೋಣ" ಎನ್ನುತ್ತಿದ್ದರಂತೆ.

"ಹೊರಗೆ ಹೋಗ್ಲೇಬೇಕಲ್ಲ" ಎಂದು ಅವಳು ತನಗೇ ಹೇಳಿಕೊಂಡು ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

ಮೂವರೂ ಕೂತರು. ಫ್ಲಾಸ್ಕಿನ ಚಹಾ ಆರಿತು. ಅತ್ತೆ ತಮ್ಮ ಜೀವಮಾನದಲ್ಲಿ ಕೈಯಲ್ಲಿ ಸೂಜಿಯಿಲ್ಲದೆ ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ಆಮೇಲೆ ಸೊಸೆಯ ಬೆನ್ನು ನೆಟ್ಟಗಾಯಿತು. ಗೆರೆಯ ತುದಿ ತಲೆ ಎತ್ತುತ್ತಿತ್ತು. ಒಂದು ಚುಕ್ಕಿ ಮೇಲೆ, ಅದರಾಚೆಯದು ಇನ್ನೂ ಮೇಲೆ. ಪಕ್ಕದ ನಕ್ಷತ್ರಗಳ ಗೆರೆಗಳು ಅಲುಗಲಿಲ್ಲ.

"ಹೊರಟ" ಎಂದಳು ಸೊಸೆ. "ಪಟ್ಟಿಗಿಂತ ಬಹಳ ಮುಂಚೆ ಹೊರಟ. ಅಂದ್ರೆ ಮುಂಚೆಯೇ ಬಂದಿದ್ದ."

ನೆಂಟ ಬಂದದ್ದನ್ನು ಯಾರೂ ನೋಡಲಿಲ್ಲ, ಹೋದದ್ದನ್ನು ಮಾತ್ರ ನೋಡಿದರು.

ಮರುದಿನ ಅತ್ತೆ ಮತ್ತೆ ಗುಡ್ಡ ಹತ್ತಬೇಕಾಯಿತು. ಪರದೆ ಒಂದು ಗೇಣು ಉದ್ದವಾಗಿ ನೆಲ ಗುಡಿಸುತ್ತಿತ್ತು. ಬಾಗಿಲ ಬಳಿ ಕೂತು ಅಂಚು ಮಡಚಿ ಹೊಲಿಯುತ್ತಿರುವಾಗ ಒಳಗೆ ಮುಖ್ಯಸ್ಥರು ಸೊಸೆಯ ಜೊತೆ ಮಾತಾಡುತ್ತಿದ್ದರು. ಕೆಟ್ಟವರಲ್ಲ. ಹಳೆಯ ದೂರದರ್ಶಕವನ್ನು ಕೈಯಲ್ಲಿ ಹಿಡಿದು ಉಳಿಸಿಕೊಂಡು ಬಂದವರು.

"ಅರ್ಧ ಕಳಿಸಿದ್ರೆ ಯಾರು ನಂಬ್ತಾರಮ್ಮ? ಅದೂ ಪಟ್ಟಿಯೇ ತಪ್ಪು ಅಂತ ಹೇಳೋ ಅರ್ಧ. ಮೋಡ ಇತ್ತು ಅಂತ ಒಂದು ಸಾಲು ಬರೆದುಬಿಡು. ಮೋಡಕ್ಕೆ ಯಾರೂ ಬೈಯಲ್ಲ."

"ಮೋಡ ಇರಲಿಲ್ಲ ಸರ್."

"ಇರಲಿಲ್ಲ ಅಂತ ನಂಗೂ ಗೊತ್ತು."

"ಹಾಗೆ ಬರೆದ್ರೆ ಅಂತರಿಕ್ಷದ ದೂರದರ್ಶಕದವರು ಹಳೇ ಪಟ್ಟಿ ನಂಬಿಕೊಂಡು ತಿರುಗಿಸ್ತಾರೆ. ಗ್ರಹ ಒಳಗೆ ಹೋಗೋದು ಅವರಿಗೆ ಸಿಗಲ್ಲ. ಅಷ್ಟು ದೊಡ್ಡ ಕಣ್ಣು, ಒಂದೇ ಸಲ ತೆರೆಯೋದು."

"ನಿನ್ನದೇ ತಪ್ಪಾಗಿದ್ರೆ? ಮತ್ತೆ ನಮ್ಮನ್ನ ಯಾರೂ ಒಂದು ಮಾತೂ ಕೇಳಲ್ಲ. ಆ ಮಧ್ಯದ ಹೊತ್ತಲ್ಲಿ ಏನಾಯ್ತು ಅಂತ ಕೇಳ್ತಾರೆ. ಯಾರು ಮುಟ್ಟಿದ್ದು ಅಂತ ಬರೀತೀಯ?"

ಅತ್ತೆಯ ಸೂಜಿ ಬಟ್ಟೆಯಲ್ಲೇ ನಿಂತಿತು. ಗುಮ್ಮಟದ ಕಡೆ ಚಕ್ರದ ಸದ್ದೂ ನಿಂತಿತ್ತು. ಚಕ್ರಣ್ಣನೂ ಕಿವಿಗೊಟ್ಟಿದ್ದಾನೆ ಎಂದು ಅವರಿಗೆ ತಿಳಿಯಿತು.

"ನಾವು ಮುಟ್ಟಿದ್ವಿ ಅಂತ ಬರೀತೀನಿ" ಎಂದಳು ಸೊಸೆ.

ಮುಖ್ಯಸ್ಥರು ಕುರ್ಚಿ ಹಿಂದಕ್ಕೆ ತಳ್ಳಿದರು. "ಬರಿ" ಎಂದು ಎದ್ದು ಹೋದರು.

ಗ್ರಹಗಳ ಸಮಯ ನೋಡುವವರೆಲ್ಲರಿಗೂ ತಲುಪುವ ಹಾಗೆ ಅವಳು ಬರೆದದ್ದು ಉದ್ದವೇನಿಲ್ಲ. ಹೊರಟದ್ದನ್ನು ಸ್ಪಷ್ಟವಾಗಿ ಕಂಡಿದ್ದೇವೆ. ಬಂದದ್ದನ್ನು ಕಂಡಿಲ್ಲ. ನಮ್ಮ ಕಡೆಯಿಂದ ತಿರುಪು ಬದಲಾಗಿ ಮೊದಲ ಭಾಗ ಕೆಟ್ಟಿದೆ. ಗ್ರಹ ಪಟ್ಟಿಗಿಂತ ಮುಂಚೆ ಬರುತ್ತಿದೆ ಎಂದು ಕಾಣುತ್ತದೆ. ಇಷ್ಟರಿಂದ ಇಷ್ಟರೊಳಗೆ ಎಂದು ಅನುಮಾನವನ್ನೂ ಅಗಲವಾಗಿಯೇ ಇಟ್ಟಳು. ಬೇರೆ ಯಾರಾದರೂ ಅಂದು ಸಂಜೆ ಆ ನಕ್ಷತ್ರವನ್ನು ನೋಡಿದ್ದರೆ, ಕೆಟ್ಟದ್ದಾದರೂ ಸರಿ, ದಯವಿಟ್ಟು ಎಸೆಯಬೇಡಿ ಎಂದು ಕೊನೆಯಲ್ಲಿ ಸೇರಿಸಿದಳು.

ದಿನಗಳು ಹೋದವು, ಉತ್ತರವಿಲ್ಲ. ಅತ್ತೆ ಒಂದು ಕೋಟಿನ ಎರಡೂ ತೋಳನ್ನು ಎಡಗೈಗೇ ಕತ್ತರಿಸಿ ಕೂತರು. ಸೊಸೆ ಮಾತ್ರ ಎಂದಿನಂತೆ ಹೋಗಿ ಬರುತ್ತಿದ್ದಳು, ಮಗಳಿಗೆ ಜಡೆ ಹಾಕುತ್ತಿದ್ದಳು, ಬೇರೆ ಗ್ರಹಗಳ ಸಮಯ ನೋಡುತ್ತಿದ್ದಳು. ಒಂದು ದಿನವೂ ತಿರುಪಿನ ಮಾತು ಎತ್ತಲಿಲ್ಲ. ಅತ್ತೆಯೇ ತಡೆಯಲಾರದೆ, "ಒಂದು ಸಲ ಬೈದುಬಿಡೇ ತಾಯಿ, ನಂಗೂ ನಿದ್ದೆ ಬರುತ್ತೆ" ಎಂದರು.

"ಬೈಯೋಕೆ ನಿಮಗೆ ಬರೋ ಹಾಗೆ ನಂಗೆ ಬರಲ್ಲವಲ್ಲ ಅತ್ತೆ" ಎಂದು ಅವಳು ನಕ್ಕಳು.

ಉತ್ತರ ಬಂದದ್ದು ದೊಡ್ಡವರಿಂದಲ್ಲ. ಪೂರ್ವದ ಕಡೆ, ಬಹಳ ದೂರದ ಊರಿನ ಒಬ್ಬ ದಂತವೈದ್ಯರಿಂದ. ಹಗಲು ಹಲ್ಲು ಕೀಳುವುದು, ಕತ್ತಲಾದ ಮೇಲೆ ಮನೆಯ ಮಾಳಿಗೆಯಲ್ಲಿ ದೂರದರ್ಶಕ ಹಿಡಿಯುವುದು ಅವರ ಹುಚ್ಚು. ಅವರ ಊರಿನಲ್ಲಿ ಆ ನಕ್ಷತ್ರ ಆಗ ಮುಳುಗುವುದರಲ್ಲಿತ್ತು. ಬೆಳಕು ತಗ್ಗಿದ್ದನ್ನು ಅವರು ಕಂಡಿದ್ದರು. ಆದರೆ ಪಟ್ಟಿಯಲ್ಲಿ ಇನ್ನೂ ಹೊತ್ತಿದೆಯಲ್ಲ, ಇದು ದಿಗಂತದ ಮಬ್ಬೇ ಇರಬೇಕು ಎಂದು ಬದಿಗೆ ತಳ್ಳಿದ್ದರು. "ನಿಮ್ಮ ಕಾಗದ ಓದಿ ತೆಗೆದು ನೋಡಿದೆ. ನೀವು ನಿಮ್ಮ ತಪ್ಪನ್ನು ಬರೆಯದಿದ್ದರೆ ನಾನು ನನ್ನದನ್ನು ತೋರಿಸುತ್ತಿರಲಿಲ್ಲ" ಎಂದು ಬರೆದಿದ್ದರು.

ಸೊಸೆ ಎರಡು ಹಾಳೆ ತಂದು ಹೊಲಿಗೆ ಮೇಜಿನ ಮೇಲೆ ಹರಡಿದಳು. ಒಂದರಲ್ಲಿ ಇಳಿಯುವ ಗೆರೆ, ಒಂದರಲ್ಲಿ ಏರುವ ಗೆರೆ. ಅಂಚಿಗೆ ಅಂಚು ಕೂಡಿಸಿದಳು. ಬಂದದ್ದಕ್ಕೂ ಹೋದದ್ದಕ್ಕೂ ನಡುವಿನ ಹೊತ್ತು, ಇಳಿದ ಆಳ, ಎರಡೂ ಹಿಂದಿನವರು ಅಳೆದದ್ದಕ್ಕೆ ಸರಿಯಾಗಿ ಹೊಂದಿತು. ಹೆಗಲಿಗೆ ತೋಳು ಸುಕ್ಕಿಲ್ಲದೆ ಕೂತ ಹಾಗೆ.

"ಇನ್ನು ಕತ್ತರಿ ಹಾಕಬಹುದು" ಎಂದರು ಅತ್ತೆ. ಅವರ ಕಣ್ಣು ಒದ್ದೆಯಾಗಿತ್ತು.

ಅಂತರಿಕ್ಷದ ದೂರದರ್ಶಕದ ಹೊತ್ತನ್ನು ಪಟ್ಟಿಗಿಂತ ಮುಂಚೆಗೆ ತಂದರು. ಮುಂದಿನ ಸುತ್ತಿನಲ್ಲಿ ನೆಂಟ ಒಳಗೆ ಬರುವ ಮೊದಲೇ ಆ ದೊಡ್ಡ ಕಣ್ಣು ತೆರೆದುಕೊಂಡಿತ್ತು, ಬಂದದ್ದನ್ನೂ ಹೋದದ್ದನ್ನೂ ಪೂರ್ತಿ ನೋಡಿತು. ಅದರ ಲೆಕ್ಕ ಬಿಡಿಸಿ ಬರಲು ಇನ್ನೂ ತಿಂಗಳುಗಳು ಹಿಡಿದವು. ಬಂದ ದಿನ ಸೊಸೆ ಚಪ್ಪಲಿ ಬಿಡುವುದನ್ನೂ ಮರೆತು ಅಂಗಡಿಯೊಳಗೆ ಬಂದಳು.

"ಗಾಳಿ ಇದೆ ಅತ್ತೆ."

"ಬಟ್ಟೆ ಯಾವುದು?"

"ನೀರಿನ ಹಬೆ ಇರಬಹುದು ಅಂತಾರೆ. ಖಂಡಿತ ಅಂತ ಹೇಳೋಕೆ ಇನ್ನೊಂದು ಸಲ ನೋಡ್ಬೇಕು."

ನೋಡಿದವರ ಹೆಸರುಗಳ ಉದ್ದದ ಸಾಲಿನಲ್ಲಿ ಕೊನೆಯ ಕಡೆ ಅವಳದೂ ಇತ್ತು, ದಂತವೈದ್ಯರದೂ ಇತ್ತು. ಅವಳ ಹಟಕ್ಕೆ ಚಕ್ರಣ್ಣನ ಹೆಸರೂ ಕೃತಜ್ಞತೆಯ ಸಾಲಿನಲ್ಲಿ ಬಂದಿತ್ತು. ಅದನ್ನು ಕೇಳಿ ಅವನು ಅರ್ಧ ದಿನ ಗುಮ್ಮಟದ ಚಕ್ರಗಳನ್ನೇ ಒರೆಸುತ್ತಾ ಕಳೆದ. ಆ ತಿರುಪಿಗೆ ಈಗ ಅತ್ತೆ ಹೊಲಿದ ಕೆಂಪು ಬಟ್ಟೆಯ ಚೀಲವಿದೆ, ಕೊರಳಿಗೆ ದಾರ ಎಳೆದು ಕಟ್ಟುವಂಥದ್ದು. ಸೊಸೆಯನ್ನು ಬಿಟ್ಟು ಯಾರೂ ಬಿಚ್ಚುವುದಿಲ್ಲ.

ಮೊನ್ನೆ ಪ್ಯಾಂಟಿನ ಅಳತೆ ಕೊಡಲು ಬಂದವನೊಬ್ಬ ಮಾತಿಗೆ ಮಾತು ಬಂದು, "ನಿಮ್ಮ ಸೊಸೆಗೆ ಕಣ್ಣು ಸರಿಯಾಗಿ ಕಾಣಲ್ವಂತೆ, ಅದಕ್ಕೇ ಮಸುಕಮ್ಮ ಅಂತಾರಂತೆ, ಹೌದಾ?" ಎಂದ. ಅತ್ತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಒಳಗೆ ಹೋದರು. ಮನೆಯಲ್ಲಿದ್ದ ಲೋಟಗಳನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ, ಒಂದು ಚೆಂಬು ನೀರಿನ ಜೊತೆ ತಂದು ಮೇಜಿನ ಮೇಲಿಟ್ಟರು.

"ಕೂತ್ಕೋ" ಎಂದರು. "ನಿನ್ನ ಪ್ಯಾಂಟು ಆಮೇಲೆ."